ಮಾಸ್ತರ್ ಕಿತ್ತ ವೈರು

ಕಿವಿ ಇತ್ತ ಕೊಡ್ರಿ, ಮಂದಿ ಮುಂದ ಆಡಬ್ಯಾಡ್ರಿ. ಕುರುಗೋಡಿನ ನಮ್ಮ ಪಕ್ಕದಮನಿ ಫಾತಿಮಾನ ಮಗಳು ಶಬಾನಾ ಬಳ್ಳಾರಿಯಾಗ ಕಂಪ್ಯೂಟರ್ ನೆಟ್‌ವರ್ಕ್ ಪರೀಕ್ಷಿಗೆ ಕುಂತ ಸುದ್ದಿ ಇದು. ಪಾಸಾದ್ರ ಅದಿರು ಕಂಪನ್ಯಾಗ ಕೆಲಸ, ಇಲ್ಲಾಂದ್ರ ತೆಕ್ಕಲಕೋಟಿ ಲಾರಿ ಓನರ್ ಜೋಡಿ ನಿಕಾ. ಆತನ ಮೊದಲ್ನೇ ಹೆಂಡ್ತಿ ಸುಮ್ನ ತವರಿಗೆ ಓಡಿಲ್ರಿ.

ಜೊತಿಗೆ ನಾನು ಹೋಗಿದ್ದೆ. ಆ ಪರೀಕ್ಷ್ಯಾಗ ಬರಿಯೂದಿಲ್ಲ, ಎಲ್ಲಾ ಕೈಕೆಲಸ. ಕಂಪ್ಯೂಟರ್ ವೈರೆಲ್ಲಾ ಬಂದು ಸೇರೋ ಡಬ್ಬಿ ಗುಜರಿಯಿಂದ ತಂದಿಟ್ಕೊಂಡು ಶಬಾನಾ ಮನ್ಯಾಗ ಕಲ್ತಿದ್ಲು. ಮಧ್ಯಾಹ್ನದ ತನಕ ಕಂಪ್ಯೂಟರ್‌ಗೋಳಿಗೆ ವೈರ್ ಜೋಡಿಸಿ ಊಟಕ್ಕ ಹೊರಗ ಬಂದ್ಲು. ನಾನು ಕಿಟಕ್ಯಾಗ ಇಣುಕಿದೆ. ಪರೀಕ್ಷಿ ಮಾಸ್ತರ್ ಮೂಲ್ಯಾಗಿನ ಡಬ್ಬಿ ವೈರು ಕಿತ್ತುಬಿಟ್ಟ!

"ಲೇ ಶಬಾನಾ, ನಿನ್ನ ಹೊಟ್ಟಿ ಮ್ಯಾಲ ಹೊಡದ! ಮೂಲಿ ಡಬ್ಬಿ ವೈರು ಕಿತ್ತಾನ!"

ಹುಡುಗಿ ರೊಟ್ಟಿ ಕೆಳಗಿಟ್ಲು. "ಅಯ್ಯೋ ಅಜ್ಜಿ, ಕೆಡಿಸೂದ ಅವರ ಕೆಲಸ. ಎಲ್ಲಿ ಕೆಟ್ಟೈತಿ ಅಂತ ನಾನು ಹುಡುಕಬೇಕು. ನೀವು ಉತ್ತರಾನ ಹೇಳಿಬಿಟ್ರಿ!"

"ಚಲೋ ಆತಲ್ಲ. ಹೋಗಿ ಜೋಡಿಸು, ಯಾರಿಗೆ ಗೊತ್ತು?"

"ನಾಳೆ ಕಂಪನ್ಯಾಗ ಖರೇ ಕೆಟ್ಟಾಗ ನೀವು ಬಂದು ಹೇಳ್ತೀರೇನು?" ಅಂದಾಕಿ ನೆಟ್ಟಗ ಹೋಗಿ, ಉತ್ತರ ಗೊತ್ತಾಗೈತಿ ಅಂತ ಮಾಸ್ತರ್‌ಗೇ ಹೇಳಿದ್ಲು. ಆತ ಆ ವೈರು ತಾನ ಹಾಕಿ, ಕಿಟಕಿ ಪರದೆ ಎಳದು, ಬ್ಯಾರೆ ಎಲ್ಲೋ ಕೆಡಿಸಿದ. ಹುಡುಗಿ ಸಂಜೀಮಟ ಹುಡುಕಿ ಸರಿಮಾಡಿ ಪಾಸಾದ್ಲು.

ಊರಿಗೆ ಬಂದು ಫಾತಿಮಾನ ಮುಂದ, ಜೊತಿಗೆ ನಾನಿದ್ದಕ್ಕ ಆತು ನೋಡವ್ವ ಅಂತ ಶುರುಮಾಡಿದೆ. ಮಗಳ ಬಾಯಿಂದ ಮೊದಲ ಎಲ್ಲಾ ಕೇಳಿದ್ದಾಕಿ ಚಾ ಕೈಗೆ ಕೊಟ್ಟು ಮಾರಿ ಮ್ಯಾಲ ಅಂದ್ಲು: "ಹೌದಕ್ಕಾ, ನನ್ನ ಮಗಳು ಎರಡು ಪರೀಕ್ಷಿ ಪಾಸಾದ್ಲು. ಒಂದು ವೈರಿಂದು, ಇನ್ನೊಂದು ನಿಮ್ದು."