ಅಂಚಿನೊಳಗೆ ಮಡಚಿಟ್ಟ ಬಟ್ಟೆ

ಜಲಜಕ್ಕ ನನ್ನ ಮನೆಯ ಪರದೆಗಳನ್ನು ಕೆಡಿಸಲಿಲ್ಲ. ಕೆಡಿಸಿದವನು ನಾನು. ಎಂಟು ಜನರ ಎದುರು ಆ ತಪ್ಪನ್ನು ಆಕೆಯ ತಲೆಗೆ ಕಟ್ಟಿದವನೂ ನಾನೇ. ಏಳು ವರ್ಷ ಈ ಮಾತು ನನ್ನ ಬಾಯಿಂದ ಹೊರಗೆ ಬರಲಿಲ್ಲ — ಹೆಂಡತಿಯ ಹತ್ತಿರವೂ.

ನಾನು ಮಂಗಳೂರಿನ ಒಂದು ಪತ್ರಿಕೆಯಲ್ಲಿ, ಪುಟಗಳು ಅಚ್ಚಿಗೆ ಹೋಗುವ ಮೊದಲು ಕೊನೆಯ ಬಾರಿ ಓದುವವನು. ಯಾರ ಮೇಲಾದರೂ ಆರೋಪವಿದ್ದರೆ ನನ್ನ ಮೊದಲ ಪ್ರಶ್ನೆ ಒಂದೇ: ಅವರ ಮಾತು ಎಲ್ಲಿ? ಅದಿಲ್ಲದ ಸುದ್ದಿಯನ್ನು ನಾನು ಬಿಡುವುದಿಲ್ಲ. ಇದನ್ನು ಬರೆಯುವಾಗಲೇ ಮೈ ಉರಿಯುತ್ತದೆ. ಇರಲಿ, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಬಿಜೈಯ ಫ್ಲ್ಯಾಟ್ ಕೈಗೆ ಸಿಕ್ಕಿದ್ದು ಜೂನ್ ಕೊನೆಯಲ್ಲಿ. ಜುಲೈ ನಡುವಿಗೆ ಆಟಿ ತಿಂಗಳು ಹಿಡಿದ ಮೇಲೆ ನಮ್ಮಲ್ಲಿ ಗೃಹಪ್ರವೇಶ ಮಾಡುವುದಿಲ್ಲ. ಅಷ್ಟರೊಳಗೆ ಎಲ್ಲವೂ ಮುಗಿಯಬೇಕಿತ್ತು. ಪರದೆಗೆ ರೆಡಿಮೇಡ್ ಪಾಲಿಯೆಸ್ಟರ್ ಸಾಕು ಎಂದಳು ಹೆಂಡತಿ ಶಶಿಕಲಾ. ನಾನು ಒಪ್ಪಲಿಲ್ಲ. ಕೈಮಗ್ಗದ ದಪ್ಪ ಹತ್ತಿ ಬಟ್ಟೆಯೇ ಆಗಬೇಕು, ಕೆನೆಬಣ್ಣವೇ ಆಗಬೇಕು. ಅದರ ನೆರಿಗೆ ಹೇಗೆ ಬೀಳುತ್ತದೆ, ಬೆಳಕು ಹೇಗೆ ಸೋಸಿ ಬರುತ್ತದೆ ಎಂದು ಅತ್ತೆಯ ಮನೆಯವರಿಗೆಲ್ಲ ಉಪನ್ಯಾಸ ಕೊಟ್ಟೆ.

ಹೊಲಿಯಲು ಒಪ್ಪಿದವರು ಕುದ್ರೋಳಿಯ ಜಲಜಕ್ಕ. ಮನೆಯ ಜಗಲಿಯಲ್ಲೇ ಅವರ ಮೆಷಿನ್. ನನ್ನ ಭಾವ — ಶಶಿಕಲಾಳ ಅಣ್ಣ — ಪಂಪ್‌ವೆಲ್ ಹತ್ತಿರ ಲಾಡ್ಜ್ ಕಟ್ಟಿಸುತ್ತಿದ್ದ. ನಮ್ಮ ಮನೆಯ ಕೆಲಸ ನೋಡಿ ಲಾಡ್ಜಿನ ಪರದೆಗಳನ್ನೆಲ್ಲ ಅವರಿಗೇ ಕೊಡುವುದೆಂದು ಮಾತಾಗಿತ್ತು. ಅದನ್ನು ನಂಬಿ ಅವರು ರಸ್ತೆಬದಿಯ ಒಂದು ಕೋಣೆಯನ್ನು ಅಂಗಡಿಗೆಂದು ನೋಡಿಟ್ಟಿದ್ದರು. ಇಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆದೂ ಆಗಿತ್ತು.

ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದ ಜಲಜಕ್ಕ ಹೇಳಿದರು: "ಅಣ್ಣ, ಇದನ್ನು ನೀರಿಗೆ ಹಾಕದೆ ಕತ್ತರಿ ಇಡ್ಲಿಕ್ಕೆ ಆಗುದಿಲ್ಲ. ಶ್ರಿಂಕ್ ಆಗ್ತದೆ. ಈ ಮಳೆಗೆ ಒಣಗ್ಲಿಕ್ಕೇ ನಾಲ್ಕು ದಿವಸ ಬೇಕು."

"ನಾಲ್ಕು ದಿವಸ ಎಲ್ಲುಂಟು ಜಲಜಕ್ಕ? ನೀರಿಗೆ ಹಾಕುದು ಬೇಡ. ಹಾಗೇ ಹೊಲಿಯಿರಿ. ಎಂತ ಆದ್ರೂ ನನ್ನ ಜವಾಬ್ದಾರಿ."

ನನ್ನ ಜವಾಬ್ದಾರಿ — ಹೌದು, ಹಾಗೆಂದೇ ಹೇಳಿದ್ದೆ.

ಪರದೆಗಳು ಬಂದವು, ತೂಗುಹಾಕಿದೆವು, ಚಂದ ಕಂಡವು. ಗೃಹಪ್ರವೇಶಕ್ಕೆ ಎರಡು ದಿನ ಮೊದಲು ಪೇಂಟಿನವರು ಹಾಲ್‌ನ ಪರದೆಗಳ ಮೇಲೆ ಸುಣ್ಣ ಸಿಡಿಸಿದರು. ಶಶಿಕಲಾ ಒಗೆದಳು, ಇಸ್ತ್ರಿ ಹಾಕಿ ಒಣಗಿಸಿದಳು. ಪೂಜೆಯ ಬೆಳಿಗ್ಗೆ ಮತ್ತೆ ಹಾಕಿದಾಗ ಅವು ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ನಿಂತಿದ್ದವು.

ಭಾವ ಒಳಗೆ ಬಂದವನೇ ನಕ್ಕ. "ಎಂತ ಭಾವ, ಕರ್ಟನಿಗೆ ಬರ್ಮುಡಾ ಹಾಕಿಸಿದ್ದಾ ಮಾರಾಯ?"

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗದೆ, "ಪೇಪರಿನವರು ಆರಿಸಿದ ಬಟ್ಟೆ ಅಲ್ವಾ, ನಮಗೆಂತ ಗೊತ್ತಾಗ್ತದೆ" ಎಂದರು.

ಜಲಜಕ್ಕ ಅಲ್ಲೇ ಇದ್ದರು. ಲಾಡ್ಜಿನ ಮಾತು ಅಂದೇ ಪಕ್ಕಾ ಆಗುವುದಿತ್ತು. ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ನಾನು ಅವರ ಕಡೆ ನೋಡದೆ ಹೇಳಿದೆ: "ನೀರಿಗೆ ಹಾಕಿ ಹೊಲಿಯಿರಿ ಅಂತ ಹೇಳಿದ್ದೆ. ಹಾಕಿಲ್ಲ ಅಂತ ಕಾಣ್ತದೆ."

ಅಂತ ಕಾಣ್ತದೆ! ಎಷ್ಟು ಹದವಾದ ಮಾತು. ದನಿ ಏರಿಸಲಿಲ್ಲ, ಬೈಯಲಿಲ್ಲ. ಆ ತಣ್ಣಗಿನ ದನಿಯ ಮೇಲೆ ನನಗೆ ಇಂದಿಗೂ ಅಸಹ್ಯ. ಅರಚಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ — ಸಮಾಧಾನದಿಂದ ಹೇಳಿದ ಸುಳ್ಳನ್ನು ಎಲ್ಲರೂ ನಂಬಿದರು.

"ಅಣ್ಣ, ಬೇಡ ಅಂದದ್ದು ನೀವೇ ಅಲ್ವಾ? ಹೋಗ್ಲಿ, ಅಡಿಯಲ್ಲಿ ನಾನು—"

"ಈಗ ಬೇಡ ಜಲಜಕ್ಕ. ಪೂಜೆ ಉಂಟು."

ಅವರು ಊಟಕ್ಕೆ ನಿಲ್ಲಲಿಲ್ಲ. ಲಾಡ್ಜಿನ ಕೆಲಸವನ್ನು ಭಾವ ಬೇರೆಯವರಿಗೆ ಕೊಟ್ಟ. ಅಂಗಡಿಯ ಕೋಣೆ ಕೈಬಿಟ್ಟುಹೋಯಿತು. ಕರೆದಿದ್ದ ಇಬ್ಬರಿಗೂ ಅವರೇ ಹೋಗಿ ಕೆಲಸವಿಲ್ಲ ಎಂದು ಹೇಳಿ ಬಂದರಂತೆ. ನಾನು ಪಾಲಿಯೆಸ್ಟರ್ ಪರದೆ ತಂದು ಹಾಕಿದೆ. ಹತ್ತಿಯವು ಅಟ್ಟ ಸೇರಿದವು.

ಮೊನ್ನೆ ಅಟ್ಟ ಗುಡಿಸುವಾಗ ಆ ಗಂಟು ಕೆಳಗೆ ಬಿತ್ತು. ಒರೆಸುವ ಬಟ್ಟೆ ಮಾಡೋಣವೆಂದು ಒಂದರ ಅಂಚಿಗೆ ಕತ್ತರಿ ಇಟ್ಟೆ. ದಪ್ಪವಾಗಿತ್ತು. ಬಿಡಿಸಿ ನೋಡಿದರೆ — ಒಳಗೆ ಆರು ಇಂಚು ಬಟ್ಟೆ, ಎರಡು ಮಡಿಕೆಯಾಗಿ. ಎಳೆದರೆ ಬಿಚ್ಚಿಕೊಳ್ಳುವಂಥ ದೊಡ್ಡ ದೊಡ್ಡ ಹೊಲಿಗೆ. ನನ್ನ ಅವಸರ ಅವರಿಗೆ ಗೊತ್ತಿತ್ತು, ಆ ಬಟ್ಟೆಯ ಗುಣವೂ ಗೊತ್ತಿತ್ತು. ಯಾರೂ ಹೇಳದೆ, ನನ್ನ ತಪ್ಪಿಗೆ ಬೇಕಾಗುವಷ್ಟು ಜಾಗ ಮಡಚಿಟ್ಟಿದ್ದರು. ಅಡಿಯಲ್ಲಿ ನಾನು — ಅವರು ಹೇಳಹೊರಟದ್ದು ಇದನ್ನೇ. ನಾನು ಒಂದು ನಿಮಿಷ ಬಾಯಿ ಮುಚ್ಚಿದ್ದರೆ ಸಾಕಿತ್ತು...

ನಿನ್ನೆ ಆ ಪರದೆ ಹಿಡಿದು ಕುದ್ರೋಳಿಗೆ ಹೋದೆ. ಜಲಜಕ್ಕ ಸೀರೆಗೆ ಫಾಲ್ ಹಾಕುತ್ತಿದ್ದರು. ನಾನು ಸುಳ್ಳು ಹೇಳಿದ್ದೆ ಎಂದೆ. ಅವರು ಮೆಷಿನ್ ನಿಲ್ಲಿಸಲಿಲ್ಲ. ಸೀರೆಯ ತುದಿ ಮುಟ್ಟಿದ ಮೇಲೆ ಅಂಚನ್ನು ಕೈಗೆ ತೆಗೆದುಕೊಂಡು ನೋಡಿದರು.

"ಒಂದು ಗಂಟೆಯ ಕೆಲಸ ಅಣ್ಣ. ಅವತ್ತೂ ಅಷ್ಟೇ ಇತ್ತು."

ಕ್ಷಮಿಸಿ ಎನ್ನಲು ಹೊರಟೆ. ಅವರು ಪರದೆಯನ್ನು ನನ್ನ ಕೈಗೇ ಹಿಂದೆ ಕೊಟ್ಟರು.

"ನನ್ನ ಹತ್ರ ಹೇಳಿ ಎಂತ ಮಾಡುದು? ನನಗೆ ಗೊತ್ತುಂಟಲ್ಲ."

ಸರಿಯಾದ ಮಾತು. ಮೊದಲ ಪುಟದಲ್ಲಿ ಮಾಡಿದ ತಪ್ಪನ್ನು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ತಿದ್ದಿಕೊಂಡವರ ಮೇಲೆ ನಾನೇ ಎಷ್ಟು ಸಲ ಸಿಡುಕಿದ್ದೇನೆ! ಜಗಲಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದದ್ದೂ ಅಂಥ ಮೂಲೆಯೇ.

ಭಾನುವಾರ ಭಾವನ ಮನೆಯಲ್ಲಿ ದೈವಕ್ಕೆ ತಂಬಿಲ ಸೇವೆ. ನಮ್ಮ ಗೃಹಪ್ರವೇಶದ ದಿನ ಇದ್ದವರೆಲ್ಲ ಬರುತ್ತಾರೆ. ಲಾಡ್ಜಿನ ಕೆಲಸ ಮರಳಿ ಬರುವುದಿಲ್ಲ, ಆ ಕೋಣೆಯೂ ಇಲ್ಲ, ಆ ಏಳು ವರ್ಷವೂ ಇಲ್ಲ. ಆದರೂ ಊಟಕ್ಕೆ ಕೂರುವ ಮೊದಲು ಈ ಪರದೆಯನ್ನು ಅವರೆದುರು ಬಿಡಿಸಿ ಹಿಡಿಯುತ್ತೇನೆ. ಕಾಣ್ತದೆ, ಇರಬಹುದು — ಅಂಥದ್ದೊಂದೂ ಬೇಡ. ನೀರಿಗೆ ಹಾಕಬೇಡಿ ಎಂದವನು ನಾನು. ಅಷ್ಟೇ ಹೇಳುತ್ತೇನೆ. ಆಮೇಲೆ ಯಾರು ಏನು ಕೇಳಿದರೂ ನಿಂತು ಕೇಳಿಸಿಕೊಳ್ಳುತ್ತೇನೆ.