ಮಾವಿನ ಹೂವಿಗೆ ಹೊಡೆಸಿದ ಔಷಧಿ

ರೇಷ್ಮೆ ಹುಳು ಸಾಕುವ ಊರಿನಲ್ಲಿ ಔಷಧಿ ಹೊಡೆಸುವ ಮೊದಲು ಪಕ್ಕದ ಹೊಲದವರಿಗೆ ಒಂದು ಮಾತು ಹೇಳಬೇಕು. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಗಾಳಿಯಲ್ಲಿ ಬಂದ ಔಷಧಿ ಹಿಪ್ಪುನೇರಳೆ ಎಲೆಯ ಮೇಲೆ ಒಂದಿಷ್ಟು ಕೂತರೂ ಸಾಕು, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಆ ಸಲ ನಾನು ಹೇಳಲಿಲ್ಲ. ಪಕ್ಕದ ಹೊಲ ನನ್ನ ತಮ್ಮನದೇ ಆಗಿತ್ತು.

ನಮ್ಮೂರು ಕೂಟಗಲ್ಲಿನ ಕಡೆ. ಭೂಮಿ ಪಾಲಾದಾಗ ಗುಡ್ಡದ ಹಿಂದಿನ ಮಾವಿನ ತೋಪು ನನಗೆ ಬಂತು, ಅದಕ್ಕೆ ಅಂಟಿಕೊಂಡಿದ್ದ ಹಿಪ್ಪುನೇರಳೆ ತೋಟ ತಮ್ಮನಿಗೆ. ನಡುವೆ ಒಂದು ಬದು, ಅಷ್ಟೆ. ನಾನು ಓದಿದ್ದು ಐದನೇ ತರಗತಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮನ ಮನೆಯ ಪಕ್ಕದಲ್ಲೇ ಎರಡು ಕೋಣೆ ಹಾಕಿಕೊಂಡು ಇದ್ದೇನೆ. ತಮ್ಮನ ಹೆಂಡತಿ ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ. ಹುಳು ಮನೆ ಅವಳ ಕೈಯಲ್ಲಿತ್ತು. ಹುಳು ಯಾವಾಗ ಮೇವು ಬಿಟ್ಟು ಜ್ವರಕ್ಕೆ ಕೂರುತ್ತದೆ, ಯಾವಾಗ ಪೊರೆ ಕಳಚಿ ಏಳುತ್ತದೆ ಎಂಬುದನ್ನು ಅವಳು ಅರ್ಧ ದಿನ ಮುಂಚೆಯೇ ಹೇಳುತ್ತಿದ್ದಳು. ತಮ್ಮ ಅವಳನ್ನು ಕೇಳದೆ ಒಂದು ಕಿಟಕಿಯನ್ನೂ ತೆಗೆಯುತ್ತಿರಲಿಲ್ಲ.

ಆ ವರ್ಷ ಮಾವು ಮೈತುಂಬ ಹೂ ಬಿಟ್ಟಿತ್ತು. ತೋಪನ್ನು ಗುತ್ತಿಗೆಗೆ ಹಿಡಿದಿದ್ದ ವ್ಯಾಪಾರಿ ಬೆಳಿಗ್ಗೆಯೇ ಬಂದು, "ಜಿಗಿಹುಳ ಬಿದ್ದೈತೆ ಕಣಮ್ಮ. ಈಗ ಹೊಡೀಲಿಲ್ಲ ಅಂದ್ರೆ ಒಂದ್ ಪಿಂದೇನೂ ನಿಲ್ಲಕ್ಕಿಲ್ಲ. ಔಷ್ದಿ ಹೊಡೆಯೋ ಗಾಡಿ ಇವತ್ತೇ ಸಿಗೋದು, ನಾಳೆ ಮಾಗಡಿ ಕಡೆ ಹೋಯ್ತದೆ" ಎಂದ. ತಮ್ಮ ಚನ್ನಪಟ್ಟಣಕ್ಕೆ ಮದುವೆಗೆ ಹೋಗಿದ್ದ. ಅವನ ಹುಳು ನಾಲ್ಕನೇ ಜ್ವರ ಎದ್ದು, ಹಗಲೂ ರಾತ್ರಿ ಸೊಪ್ಪು ತಿನ್ನುವ ಹೊತ್ತು. ಫೋನ್ ಮಾಡಿದ್ದರೆ, "ಹುಳ ಗೂಡು ಕಟ್ಟೋವರ್ಗೂ ತಡ್ಕೊ ಅಕ್ಕ" ಎಂದೇ ಅನ್ನುತ್ತಿದ್ದ. ಅದು ಗೊತ್ತಿದ್ದದ್ದರಿಂದಲೇ ನಾನು ಫೋನ್ ಮಾಡಲಿಲ್ಲ, ವ್ಯಾಪಾರಿಗೆ ಹೂಂ ಎಂದೆ.

ಮಧ್ಯಾಹ್ನದ ಹೊತ್ತಿಗೆ ಹೊಡೆದು ಮುಗಿಸಿದರು. ಗಾಳಿ ಸ್ವಲ್ಪ ಇತ್ತು. ಔಷಧಿಯ ಮಂಜು ಬದು ದಾಟಿ ಹೋಗುವುದು ನನಗೆ ಕಾಣುತ್ತಿತ್ತು. ಸಂಜೆಗೆ ಮರದ ಕೆಳಗೆ ತುಡುವೆ ಜೇನು ಬೀಳತೊಡಗಿದವು. ಬೆನ್ನಡಿಯಾಗಿ ಬಿದ್ದು ಗಿರಗಿರನೆ ತಿರುಗುತ್ತಿದ್ದವು. ಕೊಂಬೆಗಳಲ್ಲಿ ಎಲೆ ಹೊಲಿದು ಮನೆ ಮಾಡಿದ್ದ ಕೆಂಜಿಗ ಇರುವೆಗಳೂ ಉದುರಿದ್ದವು. ಔಷಧಿ ಹೊಡೆದವನು, "ಒರಿಜಿನಲ್ ಮಾಲು ಕಣಮ್ಮ, ನೋಡು ಹೆಂಗ್ ಕೆಲ್ಸ ಮಾಡ್ತೈತೆ" ಎಂದು ನಕ್ಕ. ನಾನೂ ನಕ್ಕೆ. ಕಾಲಿಗೆ ಸಿಕ್ಕವನ್ನು ಪೊರಕೆಯಿಂದ ಬದಿಗೆ ತಳ್ಳಿ ಮನೆಗೆ ಬಂದೆ.

ಮಾರನೇ ಬೆಳಿಗ್ಗೆ ತಮ್ಮನ ಹೆಂಡತಿ ಸೊಪ್ಪಿನ ಹೊರೆ ಹೊತ್ತು ನನ್ನ ಬಾಗಿಲ ಮುಂದೆ ಹೋಗುತ್ತಿದ್ದಳು.

"ಯಾವ ಕಡೆ ಕುಯ್ದೆ?" ಎಂದು ಕೇಳಿದೆ.

"ಬದಿನ್ ತಾವ ಕಣಕ್ಕ. ಅಲ್ಲೇ ಎಲೆ ಚೆಂದಾಗಿರೋದು."

ಆ ಹೊರೆ ಅಲ್ಲೇ ಇಳಿಸು, ಹಾಕಬೇಡ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ದೂರ ಬಿದ್ದಿರಲಾರದು ಎಂದು ನನಗೆ ನಾನೇ ಹೇಳಿಕೊಂಡು, "ಹೂಂ" ಎಂದು ಒಳಗೆ ಹೋದೆ.

ಅಂದು ಸಂಜೆಯೇ ಹುಳು ತಲೆ ಎತ್ತಿ ಆಡಿಸತೊಡಗಿದವು. ಹಸಿರು ನೀರು ಕಕ್ಕಿದವು. ಬೆರಳು ಗಾತ್ರದವು ಮುದುಡಿ ಅರ್ಧವಾದವು. ಬೆಳಗಾಗುವಷ್ಟರಲ್ಲಿ ಒಂದು ತಟ್ಟೆಯಲ್ಲೂ ಜೀವವಿರಲಿಲ್ಲ. ಚನ್ನಪಟ್ಟಣದಿಂದ ಓಡಿಬಂದ ತಮ್ಮ ಗುಂಡಿ ತೋಡಿ ಎಲ್ಲವನ್ನೂ ಹೂತ. ಕೈ ತೊಳೆದುಕೊಂಡು ನೇರ ನನ್ನ ಬಳಿ ಬಂದು, "ಅಕ್ಕ, ತೋಪಿಗೆ ಔಷ್ದಿ ಯಾವಾಗ ಹೊಡ್ಸಿದ್ದು?" ಎಂದ.

"ಹದಿನೈದು ದಿನ ಆಯ್ತು" ಎಂದೆ.

ಗಾಡಿ ಗುಡ್ಡದ ಹಿಂದಿನ ದಾರಿಯಲ್ಲೇ ಬಂದು ಹೋಗಿದ್ದರಿಂದ ಊರಲ್ಲಿ ಯಾರೂ ಕಂಡಿರಲಿಲ್ಲ. ಅವನು ನಂಬಿದ. ಅಕ್ಕ ಹೇಳಿದ ಮೇಲೆ ಇನ್ನೇನು?

ಔಷಧಿ ಅಲ್ಲ ಎಂದಾದ ಮೇಲೆ ಬೇರೆ ಕಾರಣ ಹುಡುಕಬೇಕಾಯಿತು. ನಮ್ಮ ಕಡೆ ಅದಕ್ಕೆ ಹೆಚ್ಚು ದೂರ ಹೋಗುವುದಿಲ್ಲ. ಹಾಲಿನ ಡೇರಿಯ ಮುಂದೆ ಒಬ್ಬ ಮುದುಕಿ, "ಮುಟ್ಟಾಗಿದ್ದೋಳು ಹುಳದ್ ಮನೆ ಒಳೀಕ್ ಹೋಗವ್ಳೆ, ಇನ್ನೇನಾದದು" ಎಂದಳಂತೆ. ಎರಡು ದಿನದಲ್ಲಿ ಊರೆಲ್ಲ ಅದೇ ಮಾತು. ತಮ್ಮ ಮೊದಲು ಬೈದು ಕಳಿಸಿದ. ಆಮೇಲೆ ಸುಮ್ಮನಾದ. ಆಮೇಲೆ ಹೆಂಡತಿಗೆ, "ಒಸಿ ದಿನ ನೀನು ಒಳೀಕ್ ಬರಬೇಡ" ಎಂದ. ಆ ಒಸಿ ದಿನ ಒಂದು ವರ್ಷವಾಯಿತು. ಅವಳು ಸೊಪ್ಪು ತಂದು ಬಾಗಿಲಲ್ಲಿ ಇಟ್ಟು ವಾಪಸು ಹೋಗುತ್ತಿದ್ದಳು.

"ನಂದು ನಿಂತು ಎಂಟು ದಿನ ಆಗಿತ್ತು ಕಣಕ್ಕ. ನೀನೇ ಕಂಡಿದ್ಯಲ್ಲ" ಎಂದು ಒಂದು ಸಲ ಅತ್ತಳು. ಕಂಡಿದ್ದೆ. ತಲೆ ಸವರಿದೆನೇ ಹೊರತು ಬಾಯಿ ಬಿಡಲಿಲ್ಲ.

ಮರು ವರ್ಷವೂ ಮಾವು ಹೂ ಬಿಟ್ಟಿತು. ತೋಪಿನೊಳಗೆ ಹೋಗಿ ನಿಂತರೆ ಏನೋ ಸರಿಯಿಲ್ಲ ಅನಿಸಿತು. ಸದ್ದಿರಲಿಲ್ಲ. ಹೂ ಬಿಟ್ಟ ಮಾವಿನ ಕೆಳಗೆ ನಿಂತರೆ ಗುಂಯ್ ಎಂದು ಕಿವಿ ತುಂಬಬೇಕು. ಜೇನಿಲ್ಲ, ಹೂವಿನ ಮೇಲೆ ಓಡಾಡುವ ಸಣ್ಣ ನೊಣಗಳಿಲ್ಲ, ಕೆಂಜಿಗದ ಒಂದು ಗೂಡೂ ಇಲ್ಲ. ಕೊಲ್ಲಬೇಕೆಂದಿದ್ದ ಜಿಗಿಹುಳು ಮಾತ್ರ ತಿರುಗಿ ಬಂದಿತ್ತು. ಹೂವೆಲ್ಲ ಒಣಗಿ ಉದುರಿ, ಪಿಂದೆ ಅಲ್ಲೊಂದು ಇಲ್ಲೊಂದು ಕಚ್ಚಿತು.

ಅಂದು ಆ ಮರದ ಕೆಳಗೆ ಕೂತು ತುಂಬ ಹೊತ್ತು ಯೋಚಿಸಿದೆ. ತಮ್ಮನ ಹುಳು ಸತ್ತಾಗ ಊರು ಎದ್ದು ಕೂತಿತು, ಕಾರಣ ಹುಡುಕಿತು, ಸಿಕ್ಕದಿದ್ದಾಗ ಒಬ್ಬ ಹೆಂಗಸಿನ ತಲೆಗೆ ಕಟ್ಟಿತು. ಅದೇ ಔಷಧಿಗೆ ಅದೇ ದಿನ ಸತ್ತ ಬೇರೆ ಹುಳುಗಳನ್ನು ಕೇಳಿದವರಿಲ್ಲ. ಅವುಗಳಿಗೆ ತಟ್ಟೆಯಿರಲಿಲ್ಲ, ಮನೆಯಿರಲಿಲ್ಲ, ಎಣಿಸುವವರಿರಲಿಲ್ಲ. ಅವುಗಳಲ್ಲಿ ಅರ್ಧದಷ್ಟಕ್ಕೆ ನನಗೆ ಹೆಸರೂ ಗೊತ್ತಿಲ್ಲ. ನಾನು ಚಿಕ್ಕವಳಿದ್ದಾಗ ಬದುವಿನ ಮೇಲೆ ಸಿಗುತ್ತಿದ್ದ ಹಸಿರು ಬಣ್ಣದ, ಬೆನ್ನು ಮಿರಮಿರ ಮಿನುಗುವ ಜೀರುಂಡೆಗಳನ್ನು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದೆವು. ಕೊನೆಯದನ್ನು ಯಾವಾಗ ನೋಡಿದೆ ಎಂದು ಎಷ್ಟು ನೆನೆದರೂ ಹೊಳೆಯಲಿಲ್ಲ. ಕಾಲ ಕೆಟ್ಟಿತು, ಮಳೆ ಕೆಟ್ಟಿತು ಎಂದು ನಾವು ಹೇಳುತ್ತೇವೆ. ನನ್ನ ತೋಪಿನ ಮಟ್ಟಿಗೆ ಕೆಡಿಸಿದ್ದು ಯಾರು ಎಂದು ನನಗೆ ಗೊತ್ತಿತ್ತು. ಗಾಡಿಗೆ ಹೂಂ ಎಂದವಳು ನಾನು.

ಮನೆಗೆ ಬಂದು ತಮ್ಮ, ಅವನ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆ. ಔಷಧಿ ಹೊಡೆಸಿದ್ದು ಹದಿನೈದು ದಿನದ ಹಿಂದೆ ಅಲ್ಲ, ಆ ಸೊಪ್ಪು ಕುಯ್ದ ಹಿಂದಿನ ದಿನ ಎಂದು.

ತಮ್ಮ ಗೋಡೆ ನೋಡುತ್ತ, "ಒಂದ್ ವರ್ಸ ಅಕ್ಕ. ಒಂದ್ ವರ್ಸ ನೀನು ನಮ್ಮನೇಲಿ ಊಟ ಮಾಡ್ದೆ" ಎಂದ.

ಅವನ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. "ಇಲ್ ಹೇಳಿದ್ರೆ ಏನ್ ಬಂತಕ್ಕ? ಅವ್ರು ನನ್ನ ಅಂದಿದ್ದು ಡೇರಿ ತಾವ. ನೀನೂ ಅಲ್ಲೇ ಬಂದು ಹೇಳು."

ಮಾರನೇ ಬೆಳಿಗ್ಗೆ ಅವಳ ಜೊತೆ ಡೇರಿಗೆ ಹೋಗಿ, ಹಾಲಿನ ಕ್ಯಾನು ಹಿಡಿದವರ ಸಾಲಿನ ಮುಂದೆ ನಿಂತೆ. "ಏನವ್ವ, ಹಾಲಿಲ್ದೆ ಬಂದಿದ್ದೀಯ, ಎಲೆಕ್ಷನ್‌ಗೆ ನಿಂತ್ಕಂತೀಯಾ?" ಎಂದು ಯಾರೋ ತಮಾಷೆ ಮಾಡಿದರು. ಎಲ್ಲವನ್ನೂ ಹೇಳಿದೆ, ಪೊರಕೆಯಿಂದ ಜೇನು ತಳ್ಳಿದ್ದನ್ನೂ ಬಿಡದೆ.

ಮೊದಲು ಮಾತಾಡಿದ್ದು ಆ ಮುದುಕಿಯೇ. "ನಂಗ್ ಹಂಗ್ ಅನ್ನುಸ್ತು, ಅಂದೆ" ಎಂದು ಗೊಣಗಿದಳು.

"ಅವತ್ತು ಜೋರಾಗಿ ಅಂದ್ರಲ್ಲ ದೊಡ್ಡವ್ವ. ಇವತ್ತೂ ಒಸಿ ಜೋರಾಗೇ ಅನ್ನಿ" ಎಂದಳು ತಮ್ಮನ ಹೆಂಡತಿ.

ಮುದುಕಿ ಕ್ಯಾನು ಕೆಳಗಿಟ್ಟು, "ತಪ್ಪಾಯ್ತು ಕಣವ್ವ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಹಿಂದಿನಿಂದ ಒಬ್ಬ ತಲೆ ಕೆರೆದುಕೊಂಡು, "ಹಂಗ್ ನೋಡಿದ್ರೆ ನಾನೂ ಹೋದ್ ಬ್ಯಾಸ್ಗೇಲಿ ಟೊಮೊಟೊಗೆ ಯಾರ್ಗೂ ಹೇಳ್ದೇನೇ ಹೊಡ್ದಿದ್ದೆ" ಎಂದ.

"ಲೇ, ನನ್ ಹುಳ ಹೋಗಿದ್ದು ಅದ್ಕೇನ್ಲಾ?" ಎಂದು ಅವನ ಪಕ್ಕದ ಹೊಲದವನು ತಿರುಗಿದ. "ನಾನು ದೇವ್ರಿಗೆ ಹರಕೆ ಬೇರೆ ಕಟ್ಕಂಡಿದ್ದೆ ಕಣ್ಲಾ."

ನಗು ಬಂತು. ಆಮೇಲೆ ನಗು ನಿಂತಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕುತ್ತಿದ್ದಂತಿತ್ತು. ಡೇರಿಯ ಕಾರ್ಯದರ್ಶಿ ಹಾಲು ಅಳೆಯುವುದನ್ನು ನಿಲ್ಲಿಸಿ, ಗೋಡೆಯ ಕರಿಹಲಗೆಯ ಅರ್ಧ ಭಾಗ ಒರೆಸಿ, "ಇನ್ಮೇಲೆ ಹೊಡೆಯೋರು ಮೂರ್ ದಿನ ಮುಂಚೆ ಇಲ್ಲಿ ಬರೀರಪ್ಪ" ಎಂದ.

ಇದಾಗಿ ಮೂರು ಸಲ ಮಾವು ಹೂ ಬಿಟ್ಟಿದೆ. ಹಲಗೆಯಲ್ಲಿ ಬರೆಯುವವರು ಮೊದಲು ಇಬ್ಬರಿದ್ದರು, ಈಗ ಹೆಚ್ಚುಕಡಿಮೆ ಎಲ್ಲರೂ ಬರೆಯುತ್ತಾರೆ. ಬರೆಯಲು ನಾಚಿಕೆಯಾಗಿ ಹೊಡೆಸುವುದನ್ನೇ ಬಿಟ್ಟವರೂ ಇದ್ದಾರೆ. ಹೂ ಬಿಟ್ಟಿರುವಾಗ ನಾನು ಏನನ್ನೂ ಹೊಡೆಸುವುದಿಲ್ಲ. ಹಳೆಯ ವ್ಯಾಪಾರಿ ಬಿಟ್ಟುಹೋದ. ಸ್ವಲ್ಪ ಫಸಲು ಕಡಿಮೆಯಾದರೂ ಒಪ್ಪುವ ಇನ್ನೊಬ್ಬರು ಸಿಕ್ಕಿದರು. ಬದುವಿನ ಹುಲ್ಲು, ತುಂಬೆ ಗಿಡ ಕೀಳಿಸುವುದಿಲ್ಲ. ಎರಡನೇ ವರ್ಷ ಸಣ್ಣ ನೊಣಗಳು ಬಂದವು. ಈ ವರ್ಷ ತುಡುವೆ ಬಂತು, ಎಲ್ಲಿಂದಲೋ ಗೊತ್ತಿಲ್ಲ, ಯಾರ ತೋಟದಲ್ಲೋ ಯಾರೋ ಉಳಿಸಿದ್ದಿರಬೇಕು. ಕೆಂಜಿಗ ಇನ್ನೂ ಬಂದಿಲ್ಲ. ಕಾಯುತ್ತಿದ್ದೇನೆ. ಎಲ್ಲವೂ ಬರುತ್ತವೆ ಎಂದು ನಾನು ಹೇಳಲಾರೆ. ಜಾಗ ಬಿಟ್ಟರೆ ಕೆಲವು ಬರುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ತಮ್ಮ ನನ್ನೊಡನೆ ಸರಿಯಾಗಿ ಮಾತಾಡಲು ಆರು ತಿಂಗಳು ಹಿಡಿಯಿತು. ಅವನ ಹೆಂಡತಿ ಮಾತ್ರ ಡೇರಿಯಿಂದ ಬಂದ ದಿನವೇ ಹುಳು ಮನೆಯ ಬೀಗದ ಕೈ ಇಸಿದುಕೊಂಡಳು. ಈಗ ಅಕ್ಕಪಕ್ಕದ ಊರಿನವರೂ ಹುಳು ಸಪ್ಪಗಾದರೆ ಅವಳನ್ನು ಕರೆದೊಯ್ಯುತ್ತಾರೆ. ಮೊನ್ನೆ ನಾನೂ ತಮ್ಮನೂ ಒಂದೊಂದು ಹೊರೆ ಸೊಪ್ಪು ತಂದು ಬಾಗಿಲಿಗೆ ಹೋದೆವು. ಅವಳು ಒಳಗಿನಿಂದಲೇ ಎಲೆಯೊಂದನ್ನು ಮೂಸಿ ನೋಡಿ ಬುಟ್ಟಿಗೆ ಹಾಕಿಕೊಂಡಳು. ತಮ್ಮ ಹೊಸ್ತಿಲು ದಾಟಲು ಹೋದ.

"ಎಲ್ಗೆ? ಕಾಲ್ ನೋಡ್ಕೊ, ಮಣ್ಣು. ಇಬ್ರೂ ತೊಳ್ಕೊಂಡ್ ಬನ್ನಿ" ಎಂದಳು.

ತಮ್ಮ ನನ್ನ ಮುಖ ನೋಡಿದ. ಇಬ್ಬರೂ ನಲ್ಲಿಯ ಕಡೆ ನಡೆದೆವು.