ಸುಭದ್ರಾಬಾಯಿಯ ಹನ್ನೆರಡನೇ ಹಾಳೆ

ಕೋಠಿಯ ಸುಭದ್ರಾಬಾಯಿ ದೇಶಪಾಂಡೆಯವರ ಇಂಗ್ಲಿಷಿಗೆ ಇಪ್ಪತ್ತಾರು ವರ್ಷ ಬೇರೆಯವರೇ ಸಹಿ ಹಾಕಿ ಮೆರೆದರು. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಟೈಪಿಸ್ಟ್. ಸಾಹೇಬರು ಕೊಟ್ಟ ಕರಡಿನಲ್ಲಿ ಇಂಗ್ಲಿಷಿನ ‘ದಿ’ ಬೇಕಾದಲ್ಲಿ ಇರುತ್ತಿರಲಿಲ್ಲ, ಬೇಡವಾದಲ್ಲಿ ಕಾಲು ಚಾಚಿ ಕೂತಿರುತ್ತಿತ್ತು. ಹೇಳಿದರೆ ಸಾಹೇಬರಿಗೆ ಸಿಟ್ಟು. ಹಾಗಾಗಿ ಸುಭದ್ರಾಬಾಯಿ ಟೈಪು ಮಾಡುತ್ತಲೇ ಸದ್ದಿಲ್ಲದೆ ತಿದ್ದಿಬಿಡುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಸ್ವಯಂನಿವೃತ್ತಿ ಪಡೆದರು. ಆದರೆ ಮನೆಯಲ್ಲಿ ಹಪ್ಪಳ ಕಾಯುತ್ತ ಕೂರುವ ಜೀವವೇ ಅದು? ಗಚ್ಚಿಬೌಲಿಯ ಕಂಪನಿಯೊಂದು, ಅಮೆರಿಕದ ಗಿರಾಕಿಗಳಿಗೆ ಮೇಲ್ ಬರೆಯುವ ಹುಡುಗರಿಗೆ ಇಂಗ್ಲಿಷ್ ಕಲಿಸುವವರನ್ನು ಹುಡುಕುತ್ತಿತ್ತು. ಹೋಗಿ ಕೇಳಿಯೇ ಬಿಟ್ಟರು. ಅಲ್ಲಿನ ಮ್ಯಾನೇಜರ್, ಮೈಸೂರು ಕಡೆಯ ಹೇಮಂತ, ಷರತ್ತು ಹಾಕಿದ: “ಹನ್ನೆರಡು ಜನಕ್ಕೆ ಒಂದು ತಿಂಗಳು ಕಲಿಸಿ. ಅಷ್ಟೂ ಜನ ಒಂದೂ ತಪ್ಪಿಲ್ಲದೆ ಮೇಲ್ ಬರೆದು ಪಾಸಾದರೆ ಕೆಲಸ ನಿಮ್ಮದು.”

“ಆತ್ರಿ,” ಎಂದರು ಸುಭದ್ರಾಬಾಯಿ, ಕೆಲಸ ಆಗಲೇ ಸಿಕ್ಕವರ ಹಾಗೆ.

ಹನ್ನೊಂದು ಜನ ಬೇಗ ದಾರಿಗೆ ಬಂದರು. ರಾಯಚೂರಿನ ಉಪೇಂದ್ರ ಮಾತ್ರ ಹಿರಿಯರ ಹೆಸರು ಬಂದ ಕೂಡಲೇ ಮುಂದೊಂದು ‘ದಿ’ ಅಂಟಿಸುತ್ತಿದ್ದ.

“ಬರೇ ಗೋಪಿನಾಥ ಅಂತ ಹೆಂಗ ಬರೀಲಿರಿ ಮೇಡಂ? ಟೀಮಿಗೆಲ್ಲಾ ಹಿರೇರು ಅವರು. ಮರ್ಯಾದಿ ಬ್ಯಾಡೇನ್ರಿ?”

ಸುಭದ್ರಾಬಾಯಿಗೆ ನಗು ತಡೆಯಲಾಗಲಿಲ್ಲ. ಹುಡುಗನ ಮೇಲೆ ಪ್ರೀತಿಯೂ ಉಕ್ಕಿತು. “ಮರ್ಯಾದಿಗೆ ‘ಮಿಸ್ಟರ್’ ಐತಲ್ಲೋ! ‘ದಿ’ ಅದಕ್ಕಲ್ಲ,” ಎಂದರು. ಅವನು ಹೂಂ ಅಂದ.

ಪರೀಕ್ಷೆಯ ದಿನ ಸುಭದ್ರಾಬಾಯಿಯೇ ಹಾಳೆ ನೋಡಲು ಕೂತರು; ಹನ್ನೊಂದು ಚೊಕ್ಕವಾಗಿದ್ದವು. ಉಪೇಂದ್ರನದರಲ್ಲಿ ಗೋಪಿನಾಥರ ಹೆಸರಿನ ಮುಂದೆ ‘ದಿ’ ರಾಜಾರೋಷವಾಗಿ ಕೂತಿತ್ತು. ಆ ಒಂದು ತಪ್ಪಿಗೇ ಅವನು ಫೇಲು. ಬರೆದದ್ದು ಪೆನ್ಸಿಲಿನಲ್ಲಿ, ರಬ್ಬರು ಸುಭದ್ರಾಬಾಯಿಯ ಕೈಯಲ್ಲೇ ಇತ್ತು. ಈ ಕೆಲಸ ಅವರಿಗೆ ಭಾಳ ಬೇಕಾಗಿತ್ತು. ಒಮ್ಮೆಯಾದರೂ ತನ್ನ ಇಂಗ್ಲಿಷಿಗೆ ತನ್ನ ಹೆಸರೇ ಇರಲಿ ಎಂಬ ಆಸೆ. ರಬ್ಬರನ್ನು ಹಾಳೆಯ ತನಕ ಒಯ್ದರು. ಆಮೇಲೆ ಅದನ್ನು ಮೇಜಿನ ಮೇಲೆ ಬಿಟ್ಟು, ಹನ್ನೆರಡೂ ಹಾಳೆಗಳನ್ನು ಹೇಮಂತನ ಮುಂದಿಟ್ಟರು.

“ಒಬ್ಬಾಂವ ಫೇಲ್ ಆಗ್ಯಾನ್ರಿ.”

ಹೇಮಂತ ಉಪೇಂದ್ರನ ಹಾಳೆಯನ್ನು ಎರಡು ಸಲ ನೋಡಿದ. “ಇಷ್ಟೇನಾ? ಅಳಿಸಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ ಮೇಡಂ.”

“ಇಪ್ಪತ್ತಾರು ವರ್ಷ ಹಂಗ ಅಳಿಸೀನ್ರಿ. ಒಬ್ಬ ಸಾಹೇಬರೂ ಕಲೀಲಿಲ್ಲ.”

ಹೇಮಂತ ಮುಂದಿನ ತಂಡದ ಪಟ್ಟಿ ತೆಗೆದು, ಎಲ್ಲಕ್ಕಿಂತ ಮೇಲೆ ಉಪೇಂದ್ರನ ಹೆಸರು ಬರೆದು, ಅವರ ಮುಂದೆ ಸರಿಸಿದ.

“ಸೋಮವಾರ ಒಂಬತ್ತಕ್ಕೆ ನಿಮ್ಮ ಕ್ಲಾಸು ಮೇಡಂ. ಹಿಂದಿನ ಬೆಂಚಲ್ಲಿ ನಾನೂ ಕೂತ್ಕೋತೀನಿ.”